ಸ್ಪೈಡರ್‌ಮ್ಯಾನ್‌ಗೆ ಕನ್ನಡ ಬರೋಕೆ ಯಾಕೆ ಅಷ್ಟು ತಡವಾಯ್ತು?

ವಿಡಿಯೊದಲ್ಲಿ ನಾವಿಬ್ಬರೂ ಒಬ್ಬರ ಮಾತನ್ನ ಇನ್ನೊಬ್ಬರು ಕತ್ತರಿಸಿಕೊಂಡು ಹರಟಿದ್ದನ್ನು ಇಲ್ಲಿ ಸ್ವಲ್ಪ ಜೋಡಿಸಿ, ಅಲ್ಲಿ ಬಿಟ್ಟುಹೋದ ಇಸವಿ, ಹೆಸರುಗಳನ್ನು ಸೇರಿಸಿ ಬರೆದಿದ್ದೀನಿ. ಪುರುಸೊತ್ತು ಇದ್ದವರು ಓದಿ, ಇಲ್ಲದವರು ಕ್ಯಾಬಿನಲ್ಲಿ ಕೂತು ಕೇಳಿ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. 2007ರಲ್ಲಿ ‘ಸ್ಪೈಡರ್‌ಮ್ಯಾನ್ 3’ ನಮ್ಮ ದೇಶಕ್ಕೆ ಬಂದಾಗ ಹಿಂದಿ, ತಮಿಳು, ತೆಲುಗಿನ ಜೊತೆ ಭೋಜ್‌ಪುರಿಯಲ್ಲೂ ಬಂತು. ಹೌದು, ಭೋಜ್‌ಪುರಿ. ಕನ್ನಡ ಇರಲಿಲ್ಲ. 2023ರಲ್ಲಿ ‘ಅಕ್ರಾಸ್ ದ ಸ್ಪೈಡರ್‌ವರ್ಸ್’ ಇಂಗ್ಲಿಷೂ ಸೇರಿ ಹತ್ತು ಭಾಷೆಯಲ್ಲಿ ಬಂತು, ಆ ಹತ್ತರಲ್ಲಿ ಕನ್ನಡ ಇತ್ತು. ನಡುವೆ 16 ವರ್ಷ. 2007ರಲ್ಲಿ ಎಂಟು ವರ್ಷದವನಾಗಿದ್ದ ಹುಡುಗ ಅಷ್ಟು ಹೊತ್ತಿಗೆ ಇಂಜಿನಿಯರಿಂಗ್ ಮುಗಿಸಿ, ಆಫರ್ ಲೆಟರ್ ಹಿಡಿದು, ಹೈದರಾಬಾದಿಗೋ ಪುಣೆಗೋ ಬಂದು ಪಿ.ಜಿ. ಊಟ ಬೈಕೊಂಡು ಕೂತಿರ್ತಾನೆ. ಅವನ ಬಾಲ್ಯ ಮುಗಿದ ಮೇಲೆ ಅವನ ಭಾಷೆಗೆ ಜೇಡರ ಹುಡುಗ ಬಂದ.

ಯಾಕೆ ಹೀಗಾಯ್ತು ಅನ್ನೋದು ಈ ಸಲದ ವಿಷಯ. ನಾನು ಮೈಸೂರು ಕಡೆಯವನು, ಈಗ ಹೈದರಾಬಾದ್. ನನ್ನ ಗೆಳೆಯ ಹುಬ್ಬಳ್ಳಿಯವನು, ಈಗ ಪುಣೆ. ಮಾರ್ವೆಲ್, ಗೇಮು, ಅನಿಮೆ ಅಂತ ವಾರಕ್ಕೊಂದು ಸಲ ಕೂತರೆ ಎರಡು ತಾಸು ಹೇಗೆ ಹೋಗುತ್ತೋ ಗೊತ್ತಾಗಲ್ಲ. ಆದರೆ ನಮ್ಮದೇ ಹಳೇ ರೆಕಾರ್ಡಿಂಗ್ ಕೇಳಿದಾಗ ಒಂದು ವಿಚಿತ್ರ ಕಾಣಿಸ್ತು. “ಆ ಟೈಮ್‌ಲೈನ್‌ನಲ್ಲಿ ವಿಲನ್ ಪೋರ್ಟಲ್ ಓಪನ್ ಮಾಡ್ತಾನಲ್ಲ” ಅಂತೀವಿ. ಇದರಲ್ಲಿ ಕನ್ನಡ ಎಷ್ಟಿದೆ? ‘ಆ’, ‘ನಲ್ಲಿ’, ‘ಮಾಡ್ತಾನಲ್ಲ’. ಸಾಮಾನೆಲ್ಲ ಬೇರೆಯವರದ್ದು, ಕಟ್ಟೋ ಹಗ್ಗ ಮಾತ್ರ ನಮ್ಮದು. ನಮ್ಮ ತೆಲುಗು, ತಮಿಳು ಸಹೋದ್ಯೋಗಿಗಳೂ ಇಂಗ್ಲಿಷ್ ಬೆರೆಸ್ತಾರೆ, ಅದೇನು ದೊಡ್ಡ ವಿಷಯ ಅಲ್ಲ. ಆದರೆ ಅವರಿಗೆ ಬೇಕಾದಾಗ ಅವರ ಭಾಷೇಲಿ ಐರನ್‌ಮ್ಯಾನ್ ಹೊಡೆದ ಡೈಲಾಗ್ ಬಾಯಿಗೆ ಬರುತ್ತೆ. ನಮಗೆ ಬರಲ್ಲ. ಅವರು ಕೇಳಿದ್ದಾರೆ, ನಾವು ಕೇಳಿಲ್ಲ.

ಇದರ ಬೇರು 1960ರ ದಶಕದಲ್ಲಿದೆ. ಅದಕ್ಕೂ ಸ್ವಲ್ಪ ಹಿಂದೆ ಹೋಗಿ ಬರಬೇಕು.

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ 1934ರಲ್ಲಿ ಬಿಡುಗಡೆಯಾಯ್ತು. ಅದು ಚಿತ್ರೀಕರಣವಾದದ್ದು ಬೆಂಗಳೂರಲ್ಲಲ್ಲ, ಕೊಲ್ಹಾಪುರದಲ್ಲಿ. ಪುಣೆಯವರು ವೀಕೆಂಡಿಗೆ ಅಂಬಾಬಾಯಿ ಗುಡಿಗೆ ಹೋಗ್ತೀರಲ್ಲ, ಅದೇ ಊರು. ಅಲ್ಲಿಂದ ಮುಂದೆ ದಶಕಗಟ್ಟಲೆ ಕನ್ನಡ ಸಿನೆಮಾ ಹುಟ್ಟುತ್ತಿದ್ದದ್ದು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೊಗಳಲ್ಲಿ. ಫ್ಲೋರ್ ಅವರದ್ದು, ಕ್ಯಾಮೆರಾ ಅವರದ್ದು, ಲ್ಯಾಬ್ ಅವರದ್ದು. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯ್ತು ನಿಜ, ಆದರೆ ಮಾರುಕಟ್ಟೆ ಒಂದಾಗಲಿಲ್ಲ. ಹುಬ್ಬಳ್ಳಿ ಕಡೆ ಹಿಂದಿ, ಮರಾಠಿ ಚಿತ್ರ. ಕಲಬುರಗಿ ಕಡೆ ಹಿಂದಿ, ತೆಲುಗು. ಬೆಂಗಳೂರಿನಲ್ಲಿ ತಮಿಳು, ತೆಲುಗು, ಹಿಂದಿ ಎಲ್ಲವೂ. 1950ರ ದಶಕದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕನ್ನಡ ಚಿತ್ರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಅಂಥ ಹೊತ್ತಲ್ಲಿ ಡಬ್ಬಿಂಗ್ ಬಂದರೆ ಏನಾಗುತ್ತೆ, ಯೋಚನೆ ಮಾಡಿ. ಹೊಸ ಕನ್ನಡ ಚಿತ್ರ ಮಾಡೋಕೆ ನಟರು, ಸೆಟ್, ಫಿಲ್ಮ್, ಸ್ಟುಡಿಯೊ ಬಾಡಿಗೆ ಎಲ್ಲಕ್ಕೂ ದುಡ್ಡು ಸುರೀಬೇಕು. ತೆಲುಗಲ್ಲೋ ತಮಿಳಲ್ಲೋ ಆಗಲೇ ದುಡ್ಡು ಮಾಡಿರೋ ಚಿತ್ರಕ್ಕೆ ಬರೀ ಮಾತು, ಹಾಡು ಬದಲಿಸಿದರೆ ಸಾಕು. ಥಿಯೇಟರ್ ಮಾಲೀಕ ಯಾವುದನ್ನ ಹಾಕ್ತಾನೆ? ‘ಮಾಯಾಬಜಾರ್’ ಥರದ ಅದ್ದೂರಿ ಚಿತ್ರ ಕನ್ನಡ ಮಾತಾಡುತ್ತಾ ಬಂದರೆ, ಪಕ್ಕದ ಟಾಕೀಸಿನಲ್ಲಿರೋ ಬಡ ಕನ್ನಡ ಚಿತ್ರದ ಗತಿ ಏನು? ಕೆಲಸ ಇಲ್ಲದೆ ಕಲಾವಿದರು ನಾಟಕಕ್ಕೆ ವಾಪಸ್ ಹೋಗೋ ಪರಿಸ್ಥಿತಿ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿ, ಊರೂರಿಗೆ ನಾಟಕ ಆಡಿ, 1960ರಲ್ಲಿ ‘ರಣಧೀರ ಕಂಠೀರವ’ ತೆಗೆದದ್ದು ಇದೇ ಕಾಲದಲ್ಲಿ. ಅ.ನ. ಕೃಷ್ಣರಾಯರು, ಆಮೇಲೆ ಕನ್ನಡ ಬಾವುಟ ಕಟ್ಟಿದ ಮ. ರಾಮಮೂರ್ತಿ ಅವರಂಥವರು ಬೀದಿಗಿಳಿದು ಕನ್ನಡ ಚಳವಳಿ ಮಾಡಿದ್ದೂ ಆಗಲೇ. ಆ ಚಳವಳಿಯ ಬೇಡಿಕೆಗಳಲ್ಲಿ ಡಬ್ಬಿಂಗ್ ಬೇಡ ಅನ್ನೋದೂ ಒಂದಾಗಿತ್ತು. ರಾಜಕುಮಾರ್ ಅದರ ಜೊತೆ ನಿಂತರು.

ಡಬ್ಬಿಂಗ್ ನಿಂತಿತು. ಇಲ್ಲಿ ಒಂದು ವಿಷಯ ಗಮನಿಸಿ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಡಬ್ಬಿಂಗ್ ನಿಷೇಧಿಸುವ ಕಾನೂನು ಯಾವತ್ತೂ ಇರಲಿಲ್ಲ. ವಿಧಾನಸಭೆಯಲ್ಲಿ ಪಾಸಾದದ್ದಲ್ಲ, ಕೋರ್ಟ್ ಹೇಳಿದ್ದಲ್ಲ. ಅದೊಂದು ಕಟ್ಟುಪಾಡು. ನಿರ್ಮಾಪಕರು ತರೋದಿಲ್ಲ, ಹಂಚಿಕೆದಾರರು ಹಂಚೋದಿಲ್ಲ, ಟಾಕೀಸಿನವರು ಹಾಕೋದಿಲ್ಲ, ಅಷ್ಟೇ. ಒಂದು ಊರಿನ ಪಂಚಾಯ್ತಿ ಮಾತು ಹೇಗೆ ಬರಹ ಇಲ್ಲದೆ ನಡೆಯುತ್ತೋ ಹಾಗೆ ಐವತ್ತು ವರ್ಷಕ್ಕೂ ಹೆಚ್ಚು ನಡೀತು.

ನಾನು ಇಷ್ಟು ಹೇಳೋ ಹೊತ್ತಿಗೆ ವಿಡಿಯೊದಲ್ಲಿ ನನ್ನ ಗೆಳೆಯನಿಗೆ ತಡೀಲಿಲ್ಲ. ಅವನ ಸೋದರಮಾವ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ಶೂಟಿಂಗ್‌ಗಳಲ್ಲಿ ಲೈಟ್ ಹೊತ್ತವರು. ಆ ಸಂಬಳದಲ್ಲೇ ಮನೆ ನಡೆದದ್ದು, ಇವನ ಫೀಸಿಗೂ ಅದರಲ್ಲೊಂದು ಪಾಲು ಬಂದದ್ದು.

“ನೀ ಕಟ್ಟುಪಾಡು ಅಂತ ಸಸಾರ ಮಾಡಿ ಮಾತಾಡಬ್ಯಾಡ,” ಅಂದ. “ಡಬ್ಬಿಂಗ್ ಪಿಚ್ಚರಿಗೆ ಲೈಟ್ ಯಾರು ಹೊರತಾರ? ಯಾರೂ ಇಲ್ಲ. ಸೆಟ್ ಯಾರು ಬಡೀತಾರ? ಯಾರೂ ಇಲ್ಲ. ಆವಾಗ ಅದನ್ನ ಬಿಟ್ಟಿದ್ರ ಅಣ್ಣಾವ್ರೂ ಇರತಿದ್ದಿಲ್ಲ, ಪುಟ್ಟಣ್ಣನೂ ಇರತಿದ್ದಿಲ್ಲ, ನಮ್ಮ ಮಾವನ ಮನ್ಯಾಗ ಒಲಿನೂ ಹತ್ತತಿದ್ದಿಲ್ಲ.”

“ಅದು ಸರಿ ಕಣೋ. ಆದ್ರೆ...”

“ಆದ್ರ-ಗೀದ್ರ ಆಮ್ಯಾಲ. ಮೊದಲ ಹೌದು ಅನ್ನು.”

ಹೌದು ಅಂದೆ. ಹೌದೇ. ಅವನ ವಾದಕ್ಕೆ ಇನ್ನೂ ಒಂದು ಸಾಕ್ಷಿ ನಾನೇ ಕೊಡ್ತೀನಿ. ಜೇಮ್ಸ್ ಬಾಂಡ್ ಕನ್ನಡಕ್ಕೆ ಡಬ್ ಆಗಿ ಬರಲಿಲ್ಲ, ಅದಕ್ಕೆ ಬದಲಾಗಿ ನಾವೇ ಒಬ್ಬ ಬಾಂಡನನ್ನ ಮಾಡಿಕೊಂಡ್ವಿ. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮಾರನೇ ವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ದೊರೆ-ಭಗವಾನ್ ಜೋಡಿಯ ನಿರ್ದೇಶನ, ಸೂಟು ಹಾಕಿ ಪಿಸ್ತೂಲು ಹಿಡಿದ ರಾಜಕುಮಾರ್. ‘ಸಿನೆಮ್ಯಾಟಿಕ್ ಯೂನಿವರ್ಸ್’ ಅಂತ ಈಗ ಕುಣೀತಾರಲ್ಲ, ಒಂದೇ ಪಾತ್ರ, ನಾಲ್ಕು ಚಿತ್ರ, ಹತ್ತು ವರ್ಷ, ನಮ್ಮಲ್ಲಿ ಆಗಲೇ ಆಗಿತ್ತು. ಸರ್ಕಾರವೂ 1960ರ ದಶಕದ ಉತ್ತರಾರ್ಧದಲ್ಲಿ ರಾಜ್ಯದೊಳಗೇ ತಯಾರಾದ ಚಿತ್ರಗಳಿಗೆ ಸಹಾಯಧನ ಕೊಡೋಕೆ ಶುರು ಮಾಡ್ತು, ಉದ್ಯಮ ನಿಧಾನಕ್ಕೆ ಮದ್ರಾಸಿನಿಂದ ಗಾಂಧಿನಗರಕ್ಕೆ ಬಂತು. ಹಾಗಾಗಿ ಆ ಕಾಲಕ್ಕೆ ಆ ತೀರ್ಮಾನ ಸರಿ ಅಂತಲೇ ನನ್ನ ಅಭಿಪ್ರಾಯ.

ತಕರಾರು ಇರೋದು ಅದಾದ ಮೇಲಿನದ್ದರ ಬಗ್ಗೆ. ಗಿಡಕ್ಕೆ ಹಾಕಿದ ಬೇಲಿಯನ್ನ ಮರ ಆದ ಮೇಲೂ ಯಾರೂ ತೆಗೀಲಿಲ್ಲ. ಅಷ್ಟರಲ್ಲಿ ಟಿ.ವಿ. ಬಂತು.

ದೂರದರ್ಶನದ ಭಾನುವಾರ ಬೆಳಗ್ಗೆ ನೆನಪಿದೆಯಾ? ‘ರಾಮಾಯಣ’, ಆಮೇಲೆ ‘ಮಹಾಭಾರತ’, 1990ರ ದಶಕದಲ್ಲಿ ಮೋಗ್ಲಿಯ ‘ಜಂಗಲ್ ಬುಕ್’, 1997ರಿಂದ ‘ಶಕ್ತಿಮಾನ್’. ಎಲ್ಲಾ ಹಿಂದಿ. ಮೋಗ್ಲಿಯಂತೂ ಜಪಾನಿನಲ್ಲಿ ತಯಾರಾದ ಕಾರ್ಟೂನು. ಅದು ಹಿಂದಿಗೆ ಡಬ್ ಆಗಿ ಬಂತು, ಗುಲ್ಜಾರ್ ಅದಕ್ಕೊಂದು ಹಾಡು ಬರೆದರು, ಶೇರ್ ಖಾನ್‌ಗೆ ನಾನಾ ಪಾಟೇಕರ್ ದನಿ ಕೊಟ್ಟರು. ಜಪಾನಿ ಭಾಷೆಯಿಂದ ಡಬ್ ಆದ ಹುಲಿ ನಮ್ಮ ಹಾಲಿನಲ್ಲಿ ಕೂತು ಹಿಂದಿ ಮಾತಾಡ್ತಿತ್ತು. ಅಂದರೆ ಕರ್ನಾಟಕದ ಮಕ್ಕಳು ಡಬ್ಬಿಂಗ್ ನೋಡದೆ ಬೆಳೆದರು ಅನ್ನೋದೇ ಸುಳ್ಳು. ಕನ್ನಡದ ಡಬ್ಬಿಂಗ್ ನೋಡದೆ ಬೆಳೆದರು. 1994ರಲ್ಲಿ ‘ಜುರಾಸಿಕ್ ಪಾರ್ಕ್’ ಹಿಂದಿಯಲ್ಲಿ ಬಂದು ದೇಶವೆಲ್ಲ ಓಡಿತು. ಆಮೇಲೆ ತಮಿಳು, ತೆಲುಗಿನವರೂ ಆ ಸಾಲಿಗೆ ಸೇರಿದರು. ಕಾರ್ಟೂನ್ ಚಾನೆಲ್‌ಗಳಲ್ಲಿ ಭಾಷೆ ಬದಲಿಸೋ ಬಟನ್ ಒತ್ತಿದರೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಬೆಂಗಳೂರಿನ ಮಗು ಯಾವುದನ್ನ ಒತ್ತಬೇಕು?

‘ಮಾಲ್ಗುಡಿ ಡೇಸ್’ ಕತೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯಲ್ಲ. ಬರೆದವರು ಮೈಸೂರಿನಲ್ಲಿದ್ದ ಆರ್.ಕೆ. ನಾರಾಯಣ್. ತೆಗೆದವರು ಶಂಕರ್‌ನಾಗ್. ತೆಗೆದ ಜಾಗ ಆಗುಂಬೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮಳೆ ನಮ್ಮದು, ಹೆಂಚು ನಮ್ಮದು, ಮುಖ ಎಲ್ಲಾ ನಮ್ಮದು, ಮಾತು ಮಾತ್ರ ಹಿಂದಿ. ರಾಷ್ಟ್ರೀಯ ಜಾಲದಲ್ಲಿ ಬರಬೇಕು ಅಂದರೆ ಹಾಗೇ ಆಗಬೇಕಿತ್ತು, ಅದನ್ನ ಒಪ್ಪೋಣ. ಆದರೆ ಆಮೇಲಾದರೂ ಆ ನಟರಿಂದಲೇ ಕನ್ನಡದಲ್ಲಿ ಮಾತಾಡಿಸಿ ಪ್ರಸಾರ ಮಾಡೋದು ಎಷ್ಟು ಸುಲಭ ಇತ್ತು! ಕಟ್ಟುಪಾಡು ಇತ್ತಲ್ಲ. ಆ ಸರಣಿ ಕನ್ನಡದ ವಾಹಿನಿಯೊಂದರಲ್ಲಿ ಕನ್ನಡ ಮಾತಾಡಿದ್ದು 2020ರಲ್ಲಿ. ಅಷ್ಟು ಹೊತ್ತಿಗೆ ಶಂಕರ್‌ನಾಗ್ ತೀರಿಕೊಂಡು 30 ವರ್ಷ ಆಗ್ತಾ ಬಂದಿತ್ತು. ಕಾರ್ನಾಡ್ ಹಿಂದಿನ ವರ್ಷ ಹೋಗಿದ್ದರು.

ನನ್ನ ಮಟ್ಟಿಗೆ ದೊಡ್ಡ ನಷ್ಟ ಯಾವುದೋ ಒಂದು ಸಿನೆಮಾ ತಪ್ಪಿದ್ದಲ್ಲ. ಕಸುಬು ತಪ್ಪಿದ್ದು.

ಡಬ್ಬಿಂಗ್ ಬರೆಯೋದು ಬರೀ ಅನುವಾದ ಅಲ್ಲ. ಪರದೆ ಮೇಲಿನ ತುಟಿ ಯಾವಾಗ ಮುಚ್ಚುತ್ತೋ ಅಲ್ಲಿ ಪ, ಬ, ಮ ಥರದ ಅಕ್ಷರ ಬೀಳಬೇಕು. ಇಂಗ್ಲಿಷಿನವನು ಎರಡು ಸೆಕೆಂಡಿನಲ್ಲಿ ನಾಲ್ಕು ಪುಟ್ಟ ಪದ ಹೇಳಿ ಮುಗಿಸ್ತಾನೆ. ಕನ್ನಡದ ಪದಕ್ಕೆ ವಿಭಕ್ತಿ, ಬಹುವಚನ ಎಲ್ಲಾ ಬಾಲ ಹಚ್ಚಿದರೆ ಒಂದೇ ಪದಕ್ಕೆ ಅಷ್ಟು ಹೊತ್ತು ಬೇಕು. ಇಂಗ್ಲಿಷ್ ವಾಕ್ಯದಲ್ಲಿ ಬಾಂಬ್ ಅನ್ನೋ ಪದ ಕೊನೇಲಿ ಬಂದು ಎಲ್ಲರೂ ಬೆಚ್ಚುತ್ತಾರೆ. ನಮ್ಮಲ್ಲಿ ಕ್ರಿಯಾಪದ ಕೊನೇಲಿ ಬರೋದರಿಂದ ಬಾಂಬ್ ಮೊದಲೇ ಸಿಡಿದುಹೋಗುತ್ತೆ, ನಟ ಆಮೇಲೆ ಬೆಚ್ಚುತ್ತಾನೆ. ಇದನ್ನೆಲ್ಲ ಸಂಭಾಳಿಸಿ ಆಡುಮಾತಿನಲ್ಲಿ ಬರೆಯೋಕೆ ತಲೆಮಾರುಗಟ್ಟಲೆ ಕೈ ಪಳಗಬೇಕು. ತೆಲುಗಿನವರಲ್ಲಿ ಅದು ಪಳಗಿದೆ. ಕಮಲ್ ಹಾಸನ್ ಚಿತ್ರಗಳಿಗೆ ತೆಲುಗಿನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ ಕೊಡ್ತಿದ್ದರು, ರಜನೀಕಾಂತ್‌ಗೆ ಗಾಯಕ ಮನೋ. ಇಲ್ಲಿ ಹೈದರಾಬಾದಿನಲ್ಲಿ ನನ್ನ ಸಹೋದ್ಯೋಗಿಗಳಿಗೆ ರಜನಿಯ ನಿಜವಾದ ದನಿಗಿಂತ ಮನೋ ದನಿಯೇ ಹೆಚ್ಚು ರಜನಿ. ನಮ್ಮಲ್ಲಿ ದನಿ ಕೊಡೋ ಕಲಾವಿದರು ಇದ್ದರು, ಮುಂಬೈಯಿಂದ ಬಂದ ನಾಯಕಿಯರಿಗೆ ಕನ್ನಡ ಬಾಯಿ ಕೊಟ್ಟವರು ಅವರೇ. ಆದರೆ ತುಟಿ ನೋಡಿ ಇಡೀ ಚಿತ್ರ ಬರೆಯೋ ಬರಹಗಾರರಿಗೆ ಐವತ್ತು ವರ್ಷ ಕೆಲಸವೇ ಇರಲಿಲ್ಲ.

ಹಾಗಾಗಿಯೇ ಈಗಿನ ಕೆಲವು ಕನ್ನಡ ಡಬ್ಬಿಂಗ್‌ನಲ್ಲಿ ರೋಬೊ ಕೂಡ ಎಂಟನೇ ಕ್ಲಾಸಿನ ಪಠ್ಯಪುಸ್ತಕ ಮಾತಾಡೋದು. ಗೆಳೆಯ ಇದಕ್ಕೆ ಒಂದು ಪರಿಹಾರ ಇಟ್ಟುಕೊಂಡಿದ್ದಾನೆ. ಬ್ಯಾಟ್‌ಮ್ಯಾನ್‌ಗೆ ಹುಬ್ಬಳ್ಳಿ ಕನ್ನಡ, ಸೂಪರ್‌ಮ್ಯಾನ್‌ಗೆ ಮೈಸೂರು ಕನ್ನಡ. “ಆಂವ ಭಾಳ ಸಂಭಾವಿತ ಅಲ್ಲೇನು, ನಿಮ್ಮಂಗ,” ಅಂದ. ಜೋಕರ್‌ಗೆ ಮಂಗಳೂರು ಕನ್ನಡ ಕೊಡೋಣ ಅಂದೆ, ಮಂಗಳೂರಿನವರು ಬೈತೀರ ಅಂತ ಗೊತ್ತು. ತಮಾಷೆ ಬಿಡಿ, ಒಂದು ಸಿನೆಮಾಕ್ಕೆ ಯಾವ ಕನ್ನಡ ಅನ್ನೋ ಪ್ರಶ್ನೆ ನಿಜವಾದ ಪ್ರಶ್ನೆ. ಡಬ್ ಮಾಡ್ತಾ ಮಾಡ್ತಾ ಅದಕ್ಕೆ ಉತ್ತರ ಸಿಗಬೇಕಿತ್ತು.

ಇನ್ನು ಬೇಲಿ ಬಿದ್ದ ಕತೆ. ಇದು ಬೇಗ ಹೇಳಿ ಮುಗಿಸ್ತೀನಿ. 2009ರಲ್ಲಿ ಮಕ್ಕಳಿಗಾಗಿ ‘ಚಿಂಟು ಟಿ.ವಿ.’ ಬಂತು, ಕಾರ್ಟೂನ್‌ಗಳು ಕನ್ನಡ ಮಾತಾಡೋಕೆ ಶುರು ಮಾಡಿದವು. 2012ರಲ್ಲಿ ಆಮಿರ್ ಖಾನ್‌ರ ‘ಸತ್ಯಮೇವ ಜಯತೇ’ ಹಲವು ಭಾಷೆಗಳಿಗೆ ಡಬ್ ಆಗಿ ಬಂದಾಗ ಕನ್ನಡದ ವಾಹಿನಿಯಲ್ಲಿ ಮಾತ್ರ ಬರಲಿಲ್ಲ. ಅದೇ ವರ್ಷ ಕನ್ನಡ ಗ್ರಾಹಕರ ಕೂಟ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ಇದು ನನಗೆ ಬಹಳ ಹಿಡಿಸಿದ ನಡೆ. ಭಾಷಾಭಿಮಾನದ ಜಗಳವನ್ನ ಅವರು ಗ್ರಾಹಕನ ಹಕ್ಕಿನ ಜಗಳ ಮಾಡಿದರು: ನನಗೆ ಬೇಕಾದ್ದನ್ನ ನನ್ನ ಭಾಷೇಲಿ ನೋಡೋಕೆ ಬಿಡದಿರೋಕೆ ನೀವ್ಯಾರು ಅಂತ. 2014ರ ಜನವರಿಯಲ್ಲಿ ಚಿತ್ರರಂಗ ಬೆಂಗಳೂರಿನಲ್ಲಿ ದೊಡ್ಡ ಪ್ರತಿಭಟನೆ ಮಾಡಿತು. 2015ರ ಜುಲೈ 27ಕ್ಕೆ ಆಯೋಗದ ಆದೇಶ ಬಂತು. ಡಬ್ಬಿಂಗ್ ತಡೆಯೋದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಅಂತ ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಸಂಘಗಳಿಗೆ ದಂಡ ಹಾಕಿತು.

ಆದೇಶ ಬಂದ ಮಾತ್ರಕ್ಕೆ ಬಾಗಿಲು ತೆಗೀಲಿಲ್ಲ. 2017ರ ಮಾರ್ಚಿನಲ್ಲಿ ಅಜಿತ್ ಅವರ ತಮಿಳು ಚಿತ್ರವೊಂದು ‘ಸತ್ಯದೇವ್ ಐ.ಪಿ.ಎಸ್.’ ಆಗಿ ಬಂದಾಗ ಪ್ರತಿಭಟನೆ ಆಯ್ತು, ಟಾಕೀಸಿನವರು ಹಿಂದೇಟು ಹಾಕಿದರು. 2019ರಲ್ಲಿ ‘ಸೈರಾ ನರಸಿಂಹ ರೆಡ್ಡಿ’, ‘ದಬಂಗ್ 3’ ಕನ್ನಡದಲ್ಲಿ ಬಂದವು, ಅಷ್ಟಾಗಿ ಗಲಾಟೆ ಆಗಲಿಲ್ಲ. ನಿಜವಾಗಿ ಬೇಲಿ ಕೆಡವಿದ್ದು ಕೊರೊನಾ. 2020ರಲ್ಲಿ ಲಾಕ್‌ಡೌನ್ ಆಗಿ ಧಾರಾವಾಹಿ ಶೂಟಿಂಗ್ ನಿಂತುಹೋಯ್ತು, ವಾಹಿನಿಗಳಿಗೆ ಹಾಕೋಕೆ ಏನೂ ಇಲ್ಲ. ಸ್ಟಾರ್ ಸುವರ್ಣದಲ್ಲಿ ‘ಮಹಾಭಾರತ’ ಕನ್ನಡದಲ್ಲಿ ಬಂತು. ನಮ್ಮಮ್ಮ ಅದನ್ನ ಒಂದು ದಿನ ತಪ್ಪಿಸಲಿಲ್ಲ. “ಇಷ್ಟು ದಿನ ಕೃಷ್ಣ ಹಿಂದೀಲಿ ಏನೋ ಹೇಳ್ತಿದ್ದ, ಈಗ ಏನು ಹೇಳ್ತಿದಾನೆ ಅಂತ ಗೊತ್ತಾಗ್ತಿದೆ ಕಣೋ” ಅಂತ ಫೋನಲ್ಲಿ ಹೇಳಿದರು. ಅಮ್ಮನಿಗೆ ಆಯೋಗದ ಆದೇಶವೂ ಗೊತ್ತಿಲ್ಲ, 1960ರ ದಶಕದ ಚಳವಳಿಯೂ ಗೊತ್ತಿಲ್ಲ.

ಇದೇ ಹೊತ್ತಿಗೆ ಗಾಳಿ ಇನ್ನೊಂದು ಕಡೆಗೂ ಬೀಸ್ತು. 2018ರ ಡಿಸೆಂಬರಿನಲ್ಲಿ ‘ಕೆ.ಜಿ.ಎಫ್.’ ಹಿಂದಿ, ತಮಿಳು, ತೆಲುಗು, ಮಲಯಾಳಂಗೆ ಡಬ್ ಆಗಿ ಹೋಯ್ತು. 2022ರಲ್ಲಿ ‘ಕಾಂತಾರ’ ಮೊದಲು ಕನ್ನಡದಲ್ಲಿ ಬಂದು, ಎರಡು ವಾರಕ್ಕೆ ಹಿಂದಿಗೆ ಡಬ್ ಆಗಿ ಹೋಗಿ, ದೇಶವೇ ದೈವದ ಕೂಗು ಹಾಕೋ ಹಾಗಾಯ್ತು. ಐವತ್ತು ವರ್ಷ ಡಬ್ಬಿಂಗ್ ಬೇಡ ಅಂದ ಉದ್ಯಮಕ್ಕೆ ಅತಿ ದೊಡ್ಡ ದುಡ್ಡು ತಂದುಕೊಟ್ಟದ್ದು ಡಬ್ಬಿಂಗೇ. ಇದನ್ನ ಹೇಳಿದಾಗ ಗೆಳೆಯ ಮಾತ್ರ ಬಗ್ಗಲಿಲ್ಲ. “ಹೌದಪಾ, ಆದ್ರ ಡಬ್ ಮಾಡಾಕ ಒಂದು ಕೆ.ಜಿ.ಎಫ್. ಬೇಕಿತ್ತಲ್ಲ? ಅದನ್ನ ತಗಿಯಾಕ ಒಂದು ಇಂಡಸ್ಟ್ರಿ ಬೇಕಿತ್ತಲ್ಲ? ಅದು ಯಾವುದರಿಂದ ಉಳೀತು?” ಅಂದ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಬಾಗಿಲು ತೆಗೆದ ಮೇಲೆ ಎಲ್ಲಾ ಸರಿಹೋಯ್ತಾ? 2022ರಲ್ಲಿ ‘ಆರ್‌ಆರ್‌ಆರ್’ಗೆ ಜೂನಿಯರ್ ಎನ್‌ಟಿಆರ್, ರಾಮ್ ಚರಣ್ ತಾವೇ ಕನ್ನಡದಲ್ಲಿ ದನಿ ಕೊಟ್ಟರು, ಕರ್ನಾಟಕದ ಥಿಯೇಟರ್‌ಗಳಲ್ಲಿ ಕನ್ನಡ ಶೋ ಕಮ್ಮಿ, ತೆಲುಗು ಶೋ ಜಾಸ್ತಿ ಅಂತ ಜನ ಸಿಟ್ಟಾದರು. ಅದೇ ವರ್ಷದ ಕೊನೆಗೆ ‘ಅವತಾರ್’ ಎರಡನೇ ಭಾಗ ಕನ್ನಡದಲ್ಲೂ ಬಂತು. ಆದರೆ 2024ರ ‘ಮುಫಾಸಾ’ ಹಿಂದಿ, ತಮಿಳು, ತೆಲುಗಿಗೆ ಬಂದು ನಿಂತಿತು. ತೆಲುಗಿನಲ್ಲಿ ಸಿಂಹಕ್ಕೆ ಮಹೇಶ್ ಬಾಬು ದನಿ. ಕನ್ನಡದ ಸಿಂಹ ಬರಲೇ ಇಲ್ಲ. ಈಗ ತಡೆಯೋರು ಯಾರೂ ಇಲ್ಲ, ಲೆಕ್ಕಾಚಾರ ಮಾತ್ರ. ಬೆಂಗಳೂರಿನವರು ಹೇಗಿದ್ದರೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡ್ತಾರೆ, ಕನ್ನಡಕ್ಕೆ ಯಾಕೆ ಖರ್ಚು ಅಂತ ಕಂಪನಿಯವರು ಕೂಡಿ ಕಳೀತಾರೆ ಅಂತ ನನ್ನ ಊಹೆ. ಆ ಅಭ್ಯಾಸ ನಮಗೆ ಹತ್ತಿದ್ದು ಹೇಗೆ ಅಂತ ಇಷ್ಟು ಹೊತ್ತು ಹೇಳಿದೆನಲ್ಲ.

ವಿಡಿಯೊ ಗೇಮಿನ ಕಡೆ ಇನ್ನೂ ಬರಗಾಲ. ಪುಣೆಯಲ್ಲೇ ತಯಾರಾದ ‘ರಾಜಿ’ ಅನ್ನೋ ಗೇಮ್ 2020ರಲ್ಲಿ ಇಂಗ್ಲಿಷ್ ದನಿಯಲ್ಲಿ ಬಂತು, ಹಿಂದಿ ದನಿ ಸೇರಿಸಿದ್ದು ಆಮೇಲೆ. ಕನ್ನಡದ ಮಾತು ಬಿಡಿ.

ಗೆಳೆಯನ ಮಗಳಿಗೆ ಈಗ ಆರು ವರ್ಷ. ಪುಣೆಯಲ್ಲಿ ಕೆಳಗೆ ಆಡೋಕೆ ಹೋದರೆ ಮರಾಠಿ, ಹಿಂದಿ. ಮನೆಯಲ್ಲಿ ಅಪ್ಪ ಅಮ್ಮನ ಹತ್ತಿರ ಊಟ, ನಿದ್ದೆ, ಹೋಂವರ್ಕ್ ಎಲ್ಲಾ ಹುಬ್ಬಳ್ಳಿ ಕನ್ನಡ. ಆದರೆ ಒಬ್ಬಳೇ ಗೊಂಬೆ ಇಟ್ಟುಕೊಂಡು ಆಡುವಾಗ, ಗೊಂಬೆಗಳು ಜಗಳ ಆಡುವಾಗ, ಹಾರುವಾಗ, ಲೋಕ ಉಳಿಸುವಾಗ ಹಿಂದಿ. ಕನ್ನಡ ಅವಳಿಗೆ ಅನ್ನ ಸಾರಿನ ಭಾಷೆ, ಆಟದ ಭಾಷೆ ಅಲ್ಲ. ಇದನ್ನ ಹೇಳಿದವನು ಡಬ್ಬಿಂಗ್ ವಿರೋಧಿ ಗೆಳೆಯನೇ. ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ವಿಡಿಯೊದಲ್ಲಿ ಆ ಜಾಗ ಕತ್ತರಿಸೋಣ ಅಂದೆ, ಇರಲಿ ಅಂದ.

ಆಮೇಲೆ ಅವಳಿಗೆ ‘ಸ್ಪೈಡರ್‌ವರ್ಸ್’ ಕನ್ನಡದಲ್ಲೇ ತೋರಿಸಬೇಕು ಅಂತ ಅವನಿಗೆ ಹಟ ಹತ್ತಿತು. ಹುಡುಕಿ, ಎಲ್ಲೂ ಸಿಗದೆ, ಕೊನೆಗೆ ಇಂಗ್ಲಿಷ್ ಹಾಕಿ, ದನಿ ಮ್ಯೂಟ್ ಮಾಡಿ, ಪಕ್ಕದಲ್ಲಿ ಕೂತು ತಾನೇ ಹುಬ್ಬಳ್ಳಿ ಕನ್ನಡದಲ್ಲಿ ಎಲ್ಲಾ ಪಾತ್ರ ಮಾತಾಡಿದನಂತೆ. ಇಪ್ಪತ್ತು ನಿಮಿಷಕ್ಕೆ ಗಂಟಲು ಬಿದ್ದುಹೋಯ್ತು. ಮಗಳು ಮಾತ್ರ ಬಿಡಲಿಲ್ಲ: “ಅಪ್ಪಾ, ಮುಂದ ಏನಂದ ಹೇಳು.”

ಮುಂದಿನ ಸಲ ‘9999 ಇನ್ 1’ ಕ್ಯಾಸೆಟ್ಟಿನ ಟಿ.ವಿ. ಗೇಮುಗಳ ಕತೆ. ಆ 9999ರಲ್ಲಿ ನಿಜವಾಗಿ ಎಷ್ಟು ಗೇಮ್ ಇದ್ದವು ಅಂತ ಎಣಿಸಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ತಿಳಿಸಿ.